ಯೋಯೋ: ನಲವತ್ತು ರೂಪಾಯಿಯದೋ, ಸಾವಿರದ್ದೋ?

ಕೊಂಡು ನೋಡಿದ ಮೇಲೆ



ಕಳೆದ ಸಂಚಿಕೆಯಲ್ಲಿ ಬೀಡಿನ ಹಂಚನ್ನೂ ಲೇಪದ ಹಂಚನ್ನೂ ಹೋಲಿಸಿ ಬರೆದದ್ದನ್ನು ಓದಿ ಹಲವರು ಫೋನು ಮಾಡಿದರು. ಅವರಲ್ಲಿ ಒಬ್ಬ ತಾಯಿ, ನಮ್ಮ ಹಡಪಸರದವರೇ, ಹಂಚಿನ ಮಾತು ಮುಗಿಯುವ ಮೊದಲೇ ಬೇರೆ ಮಾತು ತೆಗೆದರು. "ಅದೆಲ್ಲಾ ಇರಲಿ ಕಾಕಾರ, ನಮ್ಮ ಹುಡುಗ ಮೂರು ತಿಂಗಳದಾಗ ಐದು ಯೋಯೋ ಮುರದಾನ. ಆರನೇದ್ದು ಸಾವಿರ ರೂಪಾಯಿದೇ ಬೇಕಂತ ಹಟಾ ಹಿಡದಾನ. ಕೊಡಸೂದೋ ಬ್ಯಾಡೋ, ಅಷ್ಟು ಬರದಬಿಡ್ರಿ" ಎಂದರು.

ಈ ಪ್ರಶ್ನೆಗೆ ಉತ್ತರ ಹುಡುಕಲು ನಾನು ದೂರ ಹೋಗಬೇಕಾಗಿರಲಿಲ್ಲ. ಅದೇ ಆಟಿಗೆಯ ವಿಚಾರದಲ್ಲಿ ನಮ್ಮ ಮನೆಯಲ್ಲೇ ಒಂದು ತಪ್ಪು ನಡೆದುಹೋಗಿತ್ತು. ತಪ್ಪು ಮಾಡಿದವನು ಹುಡುಗನಲ್ಲ, ನಾನು. ಆದ್ದರಿಂದ ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಹೋದ ಆಷಾಢದಲ್ಲಿ ಪಾಲಖಿ ನೋಡಲು ಮೊಮ್ಮಗನನ್ನು ಕರೆದುಕೊಂಡು ರಸ್ತೆಗೆ ಹೋಗಿದ್ದೆ. ಇಲ್ಲಿರುವವರಿಗೆಲ್ಲ ಗೊತ್ತಿರುವಂತೆ, ಪುಣೆಯಲ್ಲಿ ತಂಗಿ ಹೊರಡುವ ಎರಡು ಪಾಲಖಿಗಳು ನಮ್ಮ ಹಡಪಸರದಲ್ಲೇ ಅಗಲುತ್ತವೆ. ಜ್ಞಾನೇಶ್ವರರ ಪಾಲಖಿ ದಿವೆ ಘಾಟ ಏರಿ ಸಾಸವಡದ ದಾರಿ ಹಿಡಿದರೆ, ತುಕಾರಾಮರ ಪಾಲಖಿ ಸೊಲ್ಲಾಪುರ ರಸ್ತೆಯಲ್ಲಿ ಲೋಣಿ ಕಾಳಭೋರದ ಕಡೆಗೆ ಸಾಗುತ್ತದೆ. ಅಂದು ರಸ್ತೆಯ ಎರಡೂ ಬದಿಗೆ ಆಟಿಗೆಯವರ ಸಾಲು. ಮೊಮ್ಮಗ ಒಂದು ಕೆಂಪು ಪ್ಲಾಸ್ಟಿಕ್ ಯೋಯೋ ಹಿಡಿದು ನಿಂತುಬಿಟ್ಟ. ನಲವತ್ತು ರೂಪಾಯಿ. ಕೊಡಿಸಿದೆ. ಸಂಜೆಗೆ ಅದರ ದಾರ ಒಳಗೆ ಗಂಟುಬಿದ್ದಿತು. ಮರುದಿನ ನೆಲಕ್ಕೆ ಬಡಿದು ಎರಡು ಹೋಳಾಯಿತು. ಮುಂದಿನ ತಿಂಗಳಲ್ಲಿ ಮತ್ತೆರಡು ಬಂದವು, ಅವೂ ಅದೇ ದಾರಿ ಹಿಡಿದವು.

ದೀಪಾವಳಿಯ ಪಾಡ್ಯದಂದು ಆರತಿಯಾದ ಮೇಲೆ ಹಿರಿಯರೆಲ್ಲ ಹುಡುಗನ ಕೈಗೆ ಹಣ ಹಾಕಿದರು. ಒಟ್ಟು ಹದಿಮೂರು ನೂರು ರೂಪಾಯಿ ಕೂಡಿತ್ತು. ನಮ್ಮ ಕಟ್ಟಡದ ದೊಡ್ಡ ಹುಡುಗನೊಬ್ಬನ ಹತ್ತಿರ ಯೋಯೋ ಇತ್ತು. ಅದು ದಾರದ ತುದಿಯಲ್ಲಿ ನಿಂತಲ್ಲೇ ನಿಮಿಷಗಟ್ಟಲೆ ತಿರುಗುತ್ತಿತ್ತು. ಅವನು ಅದನ್ನು ತೊಟ್ಟಿಲು ತೂಗುವಂತೆ ತೂಗುತ್ತಿದ್ದ. ಮೊಮ್ಮಗ ಅವನ ಮೊಬೈಲಿನಿಂದಲೇ ಅಂಥದ್ದೊಂದನ್ನು ತರಿಸಿಕೊಂಡ. ಬೆಲೆ 1,150 ರೂಪಾಯಿ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಎಂಟು ದಿನದ ಮೇಲೆ ಶಾಲೆಯ ಚೀಲದಲ್ಲಿ ಟೋಪಿಯೊಳಗೆ ಸುತ್ತಿಟ್ಟ ಆ ವಸ್ತು ನನ್ನ ಕೈಗೆ ಸಿಕ್ಕಿತು. ಬೆಲೆ ಕೇಳಿ ಎದೆ ಧಸಕ್ಕೆಂದಿತು. "ದುಡ್ಡು ಅಂದ್ರ ಏನಂತ ತಿಳದಿ? ಹೊಳ್ಯಾಗ ಚೆಲ್ಲೂದೇನು? ಅಷ್ಟು ಕೊಟ್ಟು ತಂದು ಚೀಲದಾಗ ಮುಚ್ಚಿಡ್ತಿ?" ಎಂದು ಎಲ್ಲರೆದುರಿಗೆ ಬೈದೆ. ಹುಡುಗ ಒಂದು ಮಾತೂ ಆಡಲಿಲ್ಲ. ತಲೆ ತಗ್ಗಿಸಿ ಒಳಗೆ ಹೋದ.

ಆ ರಾತ್ರಿ ಸೊಸೆ ಹಾಲು ತಂದಿಡುತ್ತ ಮೆಲ್ಲಗೆ ಹೇಳಿದಳು: "ಮಾವಾರ, ಅಂವ ವಾರಾತು ಕೆಳಗ ಆಡಾಕ ಹೋಗಿಲ್ಲ. ಅದು ಕೆಳಗ ಹೋದ್ರ ಹೊಳ್ಳಿ ಮ್ಯಾಲ ಬರವಲ್ದಂತ. ಹುಡುಗ್ರು ನಕ್ಕಾರಂತ. ತನಗ ಆಡಾಕ ಬರೂದಿಲ್ಲ ಅಂತ ತಿಳಕೊಂಡಾನ."

ಈ ಮಾತು ನನಗೆ ನಾಟಿತು. ಮೂವತ್ತನಾಲ್ಕು ವರ್ಷ ಇಲ್ಲಿಯ ಕೈಗಾರಿಕಾ ವಸಾಹತಿನಲ್ಲಿ ಲೇತ್ ಯಂತ್ರದ ಮುಂದೆ ನಿಂತವನು ನಾನು. ತಿರುಗುವ ಯಾವ ವಸ್ತುವೂ ಕಾರಣವಿಲ್ಲದೆ ಕೆಡುವುದಿಲ್ಲವೆಂದು ಎಷ್ಟೋ ಹೊಸ ಹುಡುಗರಿಗೆ ಪಾಠ ಹೇಳಿದವನು, ಮೊಮ್ಮಗನ ಕೈಯ ವಸ್ತುವನ್ನು ಬಿಚ್ಚಿ ನೋಡುವ ಮೊದಲೇ ತೀರ್ಪು ಕೊಟ್ಟುಬಿಟ್ಟಿದ್ದೆ. ಮರುದಿನ ಬೆಳಿಗ್ಗೆ ಹುಡುಗ ಶಾಲೆಗೆ ಹೋದ ಮೇಲೆ ಕನ್ನಡಕ ಹಾಕಿಕೊಂಡು ಕುಳಿತೆ. ಹೋಲಿಸಿ ನೋಡಲು ಇನ್ನೂ ಮೂರು ಬಗೆಯ ಯೋಯೋ ತಂದೆ. ನೋಡಿದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಯೋಯೋ ಎಂದರೆ ಎರಡು ಬಿಲ್ಲೆ, ನಡುವೆ ಒಂದು ಅಚ್ಚು, ಅಚ್ಚಿಗೆ ದಾರ. ಇಷ್ಟೇ. ಗುಟ್ಟು ಇರುವುದು ದಾರವನ್ನು ಅಚ್ಚಿಗೆ ಹೇಗೆ ಸೇರಿಸಿದ್ದಾರೆ ಎಂಬುದರಲ್ಲಿ. ದಾರವನ್ನು ಬಿಗಿಯಾಗಿ ಕಟ್ಟಿದ್ದರೆ, ಕೆಳಗೆ ಬಿಟ್ಟ ಯೋಯೋ ದಾರ ಮುಗಿದೊಡನೆ ಅದೇ ರಭಸದಲ್ಲಿ ಉಲ್ಟಾ ಸುತ್ತಿಕೊಂಡು ಮೇಲೆ ಬರುತ್ತದೆ; ನಿಲ್ಲುವುದಿಲ್ಲ. ಆದರೆ ಎರಡೆಳೆಯ ಹುರಿದಾರದ ತುದಿಯನ್ನು ಕುಣಿಕೆಯಂತೆ ತೆರೆದು ಅಚ್ಚಿನ ಸುತ್ತ ಸಡಿಲಾಗಿ ಹಾಕಿದರೆ, ಅಚ್ಚು ಆ ಕುಣಿಕೆಯೊಳಗೆ ಜಾರಿ ತಿರುಗುತ್ತಲೇ ಇರುತ್ತದೆ. ನಮ್ಮ ಬುಗುರಿ ಒಂದೇ ಕಡೆ ನಿಂತು ಗುಂಯ್ಯೆನ್ನುವ ಹಾಗೆ. ಕೈಯನ್ನು ಸ್ವಲ್ಪ ಮೇಲಕ್ಕೆ ಜಗ್ಗಿದರೆ ದಾರ ಕ್ಷಣಕಾಲ ಸಡಿಲಾಗಿ, ಬಿಲ್ಲೆಯ ಒಳಮೈಗೆ ತಾಗಿ, ಅಚ್ಚಿಗೆ ಹಿಡಿದುಕೊಳ್ಳುತ್ತದೆ, ಯೋಯೋ ಮೇಲೇರುತ್ತದೆ. ಜಾರಬೇಕು, ಹಿಡಿಯಲೂ ಬೇಕು. ಒಳ್ಳೆಯ ಯೋಯೋದ ಲಕ್ಷಣವೆಲ್ಲ ಈ ಎರಡರ ಹದದಲ್ಲಿದೆ.

ಈ ಆಟಿಗೆ ಬಹಳ ಹಳೆಯದು. ಕ್ರಿಸ್ತಪೂರ್ವ 440ರ ಸುಮಾರಿನ ಒಂದು ಗ್ರೀಕ್ ಬಟ್ಟಲಿನ ಮೇಲೆ ಹುಡುಗನೊಬ್ಬ ಇದನ್ನು ಆಡುತ್ತಿರುವ ಚಿತ್ರವಿದೆ. ನಮ್ಮ ರಾಜಸ್ಥಾನದಲ್ಲಿ 1770ರ ಸುಮಾರಿಗೆ ಬರೆದ ಒಂದು ಚಿತ್ರದಲ್ಲಿ ಸ್ತ್ರೀಯೊಬ್ಬಳ ಕೈಯಲ್ಲೂ ಇದೇ ಉಂಟು. ಈಗಿನ ರೂಪದಲ್ಲಿ ಇದನ್ನು ಪೇಟೆಗೆ ತಂದವನು ಫಿಲಿಪ್ಪೀನ್ಸಿನಿಂದ ಅಮೆರಿಕೆಗೆ ವಲಸೆ ಹೋಗಿದ್ದ ಪೆಡ್ರೊ ಫ್ಲೋರೆಸ್. ತನ್ನ ನಾಡಿನ ಕುಣಿಕೆದಾರದ ಯೋಯೋವನ್ನು ಅವನು 1928ರಲ್ಲಿ ಕ್ಯಾಲಿಫೋರ್ನಿಯದಲ್ಲಿ ತಯಾರಿಸತೊಡಗಿದ. ಅವನ ವ್ಯಾಪಾರವನ್ನು ಡೊನಾಲ್ಡ್ ಡಂಕನ್ ಎಂಬವನು ಕೊಂಡುಕೊಂಡು ದೇಶವೆಲ್ಲ ಹಬ್ಬಿಸಿದ. 'ಯೋಯೋ' ಎಂಬ ಹೆಸರು ತನ್ನೊಬ್ಬನದೇ ಎಂಬ ಹಕ್ಕು ಡಂಕನ್ ಕಂಪನಿಗಿತ್ತು. 1965ರಲ್ಲಿ ಅಲ್ಲಿಯ ನ್ಯಾಯಾಲಯ, ಅದು ಈಗ ಎಲ್ಲರ ಬಾಯಿಯ ಮಾತಾಗಿದೆ, ಯಾರು ಬೇಕಾದರೂ ಬಳಸಬಹುದು ಎಂದು ಹೇಳಿತು. ಕೊಳ್ಳುವ ನಮಗೆ ಇದರಿಂದ ತಿಳಿಯಬೇಕಾದದ್ದು ಒಂದೇ: ಡಬ್ಬಿಯ ಮೇಲೆ ಯೋಯೋ ಎಂದು ಬರೆದದ್ದರಿಂದ ಒಳಗಿನ ಗುಣಕ್ಕೆ ಯಾವ ಭರವಸೆಯೂ ಸಿಕ್ಕಂತಾಗಲಿಲ್ಲ. ಬಿಚ್ಚಿಯೇ ನೋಡಬೇಕು.

ಮೊದಲನೆಯದು, ನಲವತ್ತು ರೂಪಾಯಿಯದು. ಅಡಿಗೆಮನೆಯ ತಕ್ಕಡಿಯಲ್ಲಿ 27 ಗ್ರಾಂ ತೂಗಿತು. ತೆಳು, ಬಿರುಸು ಪ್ಲಾಸ್ಟಿಕ್. ಉಗುರಿನಿಂದ ತಟ್ಟಿದರೆ ಗಾಜಿನಂತೆ ಸದ್ದು ಮಾಡುತ್ತದೆ. ಬಿಲ್ಲೆಗಳನ್ನು ಅಚ್ಚಿಗೆ ಒತ್ತಿ ಕೂರಿಸಿದ್ದಾರೆ, ಬಿಚ್ಚಲು ಬರುವುದಿಲ್ಲ. ದಾರ ಒಳಗೆ ಗಂಟಾಯಿತೋ, ಆ ಯೋಯೋದ ಆಯುಷ್ಯ ಮುಗಿಯಿತು. ಎರಕದ ಅಚ್ಚಿನಲ್ಲಿ ಪ್ಲಾಸ್ಟಿಕ್ ಹರಿದು ಬರುವ ಬಾಯಿಯ ತುಣುಕನ್ನು ಸಹ ಸರಿಯಾಗಿ ಕತ್ತರಿಸಿರಲಿಲ್ಲ. ಹೀಗಾಗಿ ಒಂದು ಬದಿ ಭಾರವಾಗಿ, ಯೋಯೋ ವಾಲಿ, ದಾರಕ್ಕೆ ಉಜ್ಜಿ ನಿಲ್ಲುತ್ತದೆ. ದಾರ ಕಟ್ಟಿದ್ದೇ ಹೊರತು ಕುಣಿಕೆಯಲ್ಲ. ನಿಂತು ತಿರುಗುವ ಮಾತೇ ಇಲ್ಲ. ಜೋರಾಗಿ ಎಸೆದಾಗ ಒಂದು ಬಿಲ್ಲೆ ಕಳಚಿ ಹಾರಿ ಕಪಾಟಿಗೆ ಬಡಿಯಿತು. ಅಲ್ಲಿ ಮಗುವಿನ ಕಣ್ಣು ಇದ್ದಿದ್ದರೆ? ಮೂರು ಕೊಂಡರೆ ನೂರಿಪ್ಪತ್ತು ರೂಪಾಯಿ. ಕಲಿತದ್ದು ಏನೂ ಇಲ್ಲ.

ಎರಡನೆಯದು ಮರದ್ದು, ನಮ್ಮ ಚನ್ನಪಟ್ಟಣದ್ದು. ಬೆಂಗಳೂರಿನಿಂದ ಬಂದ ನೆಂಟರ ಕೈಯಲ್ಲಿ ತರಿಸಿಕೊಂಡೆ. ನೂರಾ ಇಪ್ಪತ್ತು ರೂಪಾಯಿ ಬಿದ್ದಿತು. ಹಾಲೆ ಮರವನ್ನು ಲೇತಿಗೆ ಹಾಕಿ ಕಡೆಯುತ್ತಾರೆ. ಮರ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಆಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು ಬರಿಸುತ್ತಾರೆ. ಕಬ್ಬಿಣ ಕಡೆದ ನನ್ನ ಕೈಗೆ ಆ ಕೆಲಸದ ಬೆಲೆ ಗೊತ್ತು. ಕೈಯಲ್ಲಿ ಹಿಡಿದರೆ ಹಿತ. ಕುಣಿಕೆದಾರ ಹಾಕಿದರೆ ಐದಾರು ಸೆಕೆಂಡು ನಿಂತು ತಿರುಗುತ್ತದೆ, ಜಗ್ಗಿದರೆ ತಪ್ಪದೆ ಮೇಲೆ ಬರುತ್ತದೆ. ಕಲಿಯುವವನ ಕೈಗೆ ಇದು ಸುಳ್ಳು ಹೇಳುವುದಿಲ್ಲ. ಕೊರತೆಯೆಂದರೆ ಇದನ್ನೂ ಬಿಚ್ಚಲು ಬಾರದು, ಮತ್ತು ಸಿಮೆಂಟಿನ ನೆಲಕ್ಕೆ ನಾಲ್ಕು ಸಲ ಬಡಿದರೆ ಅಂಚು ಸೀಳುತ್ತದೆ.

ಮೂರನೆಯದು 450 ರೂಪಾಯಿಯದು, ಪ್ಲಾಸ್ಟಿಕ್ಕಿನದೇ. ಆದರೆ ಪ್ಲಾಸ್ಟಿಕ್ಕುಗಳಲ್ಲೂ ಜಾತಿ ಉಂಟು. ಬಿರುಸಾದ ಪಾಲಿಸ್ಟೈರೀನ್ ಒಡೆಯುತ್ತದೆ. ಪಾಲಿಕಾರ್ಬೊನೇಟ್ ಪೆಟ್ಟು ತಿಂದರೂ ತಾಳುತ್ತದೆ. ಇದು ಎರಡನೆಯ ಜಾತಿಯದು. ತೂಕ 54 ಗ್ರಾಂ. ಅದರಲ್ಲಿ ಹೆಚ್ಚಿನ ಪಾಲು ಅಂಚಿಗೆ ಇದೆ. ತಿರುಗುವ ವಸ್ತುವಿನ ಭಾರ ನಡುವಿನಿಂದ ಎಷ್ಟು ದೂರವಿದ್ದರೆ ಅಷ್ಟು ಹೊತ್ತು ಅದು ತಿರುಗುತ್ತದೆ. ಹಿಟ್ಟಿನ ಗಿರಣಿಯ ದೊಡ್ಡ ಗಾಲಿಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಬಿಲ್ಲೆಗಳನ್ನು ತಿರುಪಿನ ಹಾಗೆ ತಿರುಗಿಸಿದರೆ ಬಿಚ್ಚುತ್ತವೆ. ಗಂಟು ಬಿದ್ದರೆ ಎರಡು ನಿಮಿಷದ ಕೆಲಸ. ಒಳಗೆ ಒಂದು ಸಣ್ಣ ಬೇರಿಂಗ್, ಅಗಲ ಕಡಿಮೆ. ಪಕ್ಕದ ಹುಡುಗ ಬಿಟ್ಟು ತೋರಿಸಿದಾಗ ಇಪ್ಪತ್ತು ಸೆಕೆಂಡು ತಿರುಗಿತು. ಜಗ್ಗಿದ ಕೂಡಲೇ ಕೈಗೆ ಬಂದಿತು. ಎರಡು ಬಿಡಿ ದಾರಗಳನ್ನೂ ಡಬ್ಬಿಯಲ್ಲಿ ಇಟ್ಟಿದ್ದರು.

ನಾಲ್ಕನೆಯದು ಮೊಮ್ಮಗನ 1,150ರ ಯೋಯೋ. ಬಿಚ್ಚಿ ನೋಡಿ ನಾನೇ ತಲೆದೂಗಿದೆ. 65 ಗ್ರಾಂ, ಎಲ್ಲಿಯೂ ಅರೆಕೊರೆಯಿಲ್ಲ. ಒಳಗಿನ ಬೇರಿಂಗಿಗೆ ವರ್ನಿಯರ್ ಹಿಡಿದೆ: ಒಳವ್ಯಾಸ ಕಾಲು ಇಂಚು, ಹೊರವ್ಯಾಸ ಅರ್ಧ ಇಂಚು, ಎಣ್ಣೆಯ ಪಸೆಯೂ ಇಲ್ಲದೆ ಒಣಗಿದ್ದು. ಊದಿದರೆ ತಿರುಗುತ್ತದೆ. ಬಿಲ್ಲೆಗಳ ನಡುವಿನ ಸಂದು ಅಗಲ. ಇಂಥದ್ದರಲ್ಲಿ ದಾರ ಎಷ್ಟು ಜಗ್ಗಿದರೂ ಅಚ್ಚಿಗೆ ಹಿಡಿಯುವುದೇ ಇಲ್ಲ. ಹಿಡಿಯಬಾರದೆಂದೇ ಹೀಗೆ ಮಾಡಿದ್ದಾರೆ! ಪಂದ್ಯದ ಆಟಗಾರರು ತಿರುಗುವ ಯೋಯೋವನ್ನು ದಾರದ ಮೇಲೆ ಕೂರಿಸಿ ಹಲವು ಚಮತ್ಕಾರ ಮಾಡುತ್ತಾರೆ; ನಡುವೆ ಅದು ತಾನಾಗಿ ಮೇಲೆ ಬಂದರೆ ಆಟ ಕೆಡುತ್ತದೆ. ಆಟ ಮುಗಿದ ಮೇಲೆ ದಾರದ ಒಂದು ಮಡಿಕೆಯನ್ನು ಸಂದಿನೊಳಗೆ ತೂರಿಸಿ ಸುತ್ತಿಸಿ ಅದನ್ನು ಕರೆದುಕೊಳ್ಳುವ ಬೇರೆಯೇ ವಿದ್ಯೆಯಿದೆ. ಅದನ್ನು ಕಲಿಯಲು ವಾರಗಳು ಬೇಕು. ಇದು ನಮ್ಮ ಹುಡುಗನಿಗೆ ಗೊತ್ತಿರಲಿಲ್ಲ. ಡಬ್ಬಿಯ ಮೇಲೂ ಕಾಣುವ ಹಾಗೆ ಬರೆದಿರಲಿಲ್ಲ. ಎಸೆದದ್ದು ಬರಲಿಲ್ಲ, ದಡ್ಡ ತಾನೇ ಎಂದುಕೊಂಡು ಟೋಪಿಯಲ್ಲಿ ಸುತ್ತಿಟ್ಟ. ಅದರ ಮೇಲೆ ನನ್ನ ಬೈಗುಳ.

ಸಾಯಂಕಾಲ ಅವನನ್ನು ಹತ್ತಿರ ಕೂರಿಸಿಕೊಂಡು ಹೇಳಿದೆ: "ನೋಡಪ್ಪಾ, ತಪ್ಪು ನಿಂದಲ್ಲ. ಇದು ಹೊಳ್ಳಿ ಬರಬಾರದಂತನs ಮಾಡಿದ್ದು. ನಾ ತಿಳೀದನ ಬೈದೆ. ತಪ್ಪಾತು."

ಹುಡುಗ ನನ್ನ ಮುಖ ನೋಡಿದ. "ಹಂಗಾರ ನನಗ ಆಡಾಕ ಬರತೈತೇನು ಮುತ್ಯಾ?"

"ಬರಾಕs ಬೇಕು. ಆ ಗ್ರೀಸಿನ ಡಬ್ಬಿ ತಗೊಂಡ ಬಾ."

ಇಬ್ಬರೂ ಕೂಡಿ ಬೇರಿಂಗನ್ನು ತೆಗೆದೆವು. ಬೆಂಕಿಕಡ್ಡಿಯ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಗ್ರೀಸನ್ನು ಅದರೊಳಗೆ ಇಟ್ಟು, ಹೊರಗೆ ಹತ್ತಿದ್ದನ್ನು ಒರೆಸಿ, ಮತ್ತೆ ಕೂರಿಸಿದೆವು. ದಾರದ ಕುಣಿಕೆಯನ್ನು ಒಂದರ ಬದಲು ಎರಡು ಸುತ್ತು ಹಾಕಿದೆವು. ಜೀವಮಾನವೆಲ್ಲ ಬೇರಿಂಗು ಸರಾಗವಾಗಿ ತಿರುಗಲೆಂದು ದುಡಿದವನು ನಾನು. ಆ ದಿನ ಸರಾಗವಾಗಿದ್ದುದನ್ನು ಬೇಕೆಂದೇ ಮಂದ ಮಾಡಿದೆ. ಎಸೆದ. ಕೆಳಗೆ ಹೋಗಿ ಒಂದು ಗಳಿಗೆ ತಿರುಗಿತು. ಜಗ್ಗಿದ. ಠಪ್ಪೆಂದು ಅಂಗೈಗೆ ಬಂದು ಬಡಿಯಿತು! ಹುಡುಗ ಕೂಗಿದ ಕೂಗಿಗೆ ಸೊಸೆ ರೊಟ್ಟಿ ಬಿಟ್ಟು ಹೊರಗೆ ಬಂದಳು. ಹತ್ತು ನಿಮಿಷಕ್ಕೆ ಅವನು ಕೆಳಗಿನ ಅಂಗಳದಲ್ಲಿದ್ದ.

ಇನ್ನು ಆ ತಾಯಿಯ ಪ್ರಶ್ನೆಗೆ ಬರುತ್ತೇನೆ. ಸಾವಿರ ರೂಪಾಯಿಯದು ಬೇಡ. ಅದು ಕೆಟ್ಟ ವಸ್ತುವೆಂದಲ್ಲ, ಈಗಲೇ ಬೇಡವೆಂದಷ್ಟೇ. ಕಲಿತ ಕೈಗೆ ಅದು ಬೆಲೆ ಬಾಳುತ್ತದೆ, ಕಲಿಯದ ಕೈಗೆ ನಲವತ್ತರದ್ದಕ್ಕಿಂತ ಹೆಚ್ಚು ನೋವು ಕೊಡುತ್ತದೆ. ಮೇಲಾಗಿ ಅದರ ಬೆಲೆಯೆಲ್ಲ ಗುಣದ ಬೆಲೆಯಲ್ಲ. ಹೊರದೇಶದ ಆಟಿಗೆಗಳ ಮೇಲಿನ ಸುಂಕವನ್ನು ಸರಕಾರ 2020ರಲ್ಲಿ ನೂರಕ್ಕೆ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತು. ಹೊರಗಿನಿಂದ ಬಂದ ಯೋಯೋಗೆ ನಾವು ತೆರುವ ಹಣದಲ್ಲಿ ಒಂದು ದೊಡ್ಡ ಪಾಲು ತಿರುಗುವುದಕ್ಕಲ್ಲ, ಗಡಿ ದಾಟಿದ್ದಕ್ಕೆ. ನಲವತ್ತು ರೂಪಾಯಿಯದನ್ನೂ ಇನ್ನು ಕೊಡಿಸಬೇಡಿ. ಐದು ಮುರಿದಾಗಲೇ ನಿಮ್ಮ ಇನ್ನೂರು ರೂಪಾಯಿ ಹೋಯಿತು. ಆರರಿಂದ ಎಂಟು ವರ್ಷದ ಮಗುವಾದರೆ ಚನ್ನಪಟ್ಟಣದ ಮರದ್ದು ಸಾಕು; ಅದಕ್ಕೂ ದೊಡ್ಡವನಾದರೆ ನಾಲ್ಕೈದು ನೂರರ, ಬಿಚ್ಚಲು ಬರುವ, ಜಗ್ಗಿದರೆ ಬರುವ ಪ್ಲಾಸ್ಟಿಕ್ ಯೋಯೋ ಕೊಡಿಸಿ. ನಮ್ಮ ಮನೆಯ ಲೆಕ್ಕದಲ್ಲಿ ಕೊಟ್ಟ ಹಣಕ್ಕೆ ಸರಿಯಾದ ವಸ್ತು ಅದೇ.

ಅಂಗಡಿಯಲ್ಲಿ ಮೂರು ಮಾತು ಕೇಳಿ. ಇದು ಬಿಚ್ಚುತ್ತದೆಯೇ? ಇದರ ದಾರ ಬೇರೆ ಸಿಗುತ್ತದೆಯೇ? ಜಗ್ಗಿದರೆ ಮೇಲೆ ಬರುವ ಜಾತಿಯದೋ, ಬಾರದ ಜಾತಿಯದೋ? ಮೂರನೆಯದಕ್ಕೆ ಉತ್ತರ ಗೊತ್ತಿಲ್ಲದ ಅಂಗಡಿಯವನಿಂದ ದುಬಾರಿಯದನ್ನು ಕೊಳ್ಳಬೇಡಿ. ಪ್ಲಾಸ್ಟಿಕ್ಕಿನದಾದರೆ ಐಎಸ್‌ಐ ಗುರುತನ್ನೂ ನೋಡಿ. ಹದಿನಾಲ್ಕರೊಳಗಿನ ಮಕ್ಕಳ ಆಟಿಗೆಗಳಿಗೆ ಅದು 2021ರ ಜನವರಿ 1ರಿಂದ ಕಡ್ಡಾಯವಾಗಿದೆ. ನೋಂದಾಯಿತ ಕುಶಲಕರ್ಮಿಗಳ ಆಟಿಗೆಗೂ ಚನ್ನಪಟ್ಟಣದಂಥ ಭೌಗೋಳಿಕ ಗುರುತಿನ ಆಟಿಗೆಗೂ ಇದರಿಂದ ವಿನಾಯಿತಿ ಇದೆ. ಆದ್ದರಿಂದ ಮರದ್ದರ ಮೇಲೆ ಆ ಗುರುತು ಕಾಣದಿದ್ದರೆ ಸಂಶಯಪಡಬೇಕಾಗಿಲ್ಲ.

ತಂದ ಮೇಲೆ ಮಾಡಬೇಕಾದದ್ದೂ ಸ್ವಲ್ಪ ಇದೆ. ದಾರ ಉದ್ದವಾದರೆ ಮಗು ಆಡಲಾರದು. ಯೋಯೋವನ್ನು ನೆಲಕ್ಕೆ ಮುಟ್ಟಿಸಿ ದಾರವನ್ನು ನೇರ ಹಿಡಿದು, ಮಗುವಿನ ಹೊಕ್ಕಳಿಗಿಂತ ಎರಡು ಮೂರು ಬೆರಳು ಮೇಲೆ ಬಿಟ್ಟು ಕತ್ತರಿಸಿ. ತುದಿಗೆ ಜಾರುಗಂಟು ಹಾಕಿ ನಡುಬೆರಳಿಗೆ ತೊಡಿಸಿ; ಬೆರಳು ನೀಲಿಗಟ್ಟುವಷ್ಟು ಬಿಗಿ ಬೇಡ. ಕೈಬಿಡುವುದಲ್ಲ, ಅಂಗೈ ಮೇಲೆ ಮಾಡಿ ತೋಳು ಮಡಚಿ ಎಸೆಯಬೇಕು. ಆಡುತ್ತ ಆಡುತ್ತ ದಾರದ ಹುರಿ ಏರುತ್ತದೆ ಇಲ್ಲವೆ ಬಿಚ್ಚುತ್ತದೆ. ಆಗಾಗ ಬೆರಳಿನಿಂದ ತೆಗೆದು ಯೋಯೋವನ್ನು ತೂಗುಬಿಟ್ಟರೆ ತಾನೇ ತಿರುಗಿ ಸರಿಹೋಗುತ್ತದೆ. ಹತ್ತಿಯ ದಾರ ಸವೆದು ಜೂಲುಗಟ್ಟಿದರೆ ಹರಿಯುವವರೆಗೆ ಕಾಯದೆ ಬದಲಿಸಿ. ಚಿಕ್ಕ ತಂಗಿ ತಮ್ಮಂದಿರು ಸುತ್ತ ಇದ್ದಾಗ ಆಡುವುದು ಬೇಡ.

ಇದಕ್ಕೆಲ್ಲ ಬೇಕಾದದ್ದು ಒಬ್ಬ ದೊಡ್ಡವರ ಹತ್ತು ಸಂಜೆ. ನಮ್ಮ ಮಕ್ಕಳು ದಿನವೆಲ್ಲ ಮರಾಠಿ, ಹಿಂದಿ, ಇಂಗ್ಲಿಷಿನಲ್ಲೇ ಇರುತ್ತಾರೆ. ಮುತ್ಯಾನ ಕೂಡ ಆಡಲು ಅವರಿಗೆ ಮಾತೇ ಇರುವುದಿಲ್ಲ ಎಂದು ನಾವು ಕೊರಗುತ್ತೇವೆ. ಈಗ ನಮ್ಮ ಮನೆಯಲ್ಲಿ ದಿನಾಲು ಸಂಜೆ "ಮುತ್ಯಾ, ಹುರಿ ಬಿಚ್ಚೇತಿ ನೋಡು", "ಮುತ್ಯಾ, ಜಗ್ಗಿದ್ರ ವಾಲತೈತಿ" ಎಂಬ ಮಾತು ನಡೆದಿದೆ. ಹುರಿ, ಕುಣಿಕೆ, ಅಚ್ಚು, ಅಂಚು ಎಂಬ ಶಬ್ದಗಳನ್ನು ಅವನು ನನ್ನಿಂದಲೇ ಕಲಿತ. ತಾನು ತಂದ ಯೋಯೋದ ಗ್ರೀಸನ್ನು ಒರೆಸಿ, ಅದನ್ನು ಮೊದಲಿನ ಹಾಗೆ ಒಣಗಿಸಿ ಆಡುವ ದಿನ ಬರುತ್ತದೆಂದು ಅವನಿಗೂ ಗೊತ್ತು; ಅದಕ್ಕೆ ಅವಸರವಿಲ್ಲ ಎನ್ನುತ್ತಾನೆ.

ಮುಂದಿನ ಸಂಚಿಕೆಯಲ್ಲಿ ನೀರು ಸೋಸುವ ಯಂತ್ರಗಳ ವಿಚಾರ. ಕೊಂಡು ಮೋಸಹೋದವರೂ ಕೊಂಡು ಸುಖಪಟ್ಟವರೂ ತಮ್ಮ ಅನುಭವವನ್ನು ದಯವಿಟ್ಟು ಬರೆದು ಕಳಿಸಬೇಕೆಂದು ವಿನಂತಿ.